ನಿಂಬೆವ್ವನ ಮೆಟ್ಟಿಲು

ನಮ್ಮೂರಿಗೆ ಇರುವುದು ಒಂದೇ ಗಾಳಿ. ಊರ ನೆತ್ತಿಯ ಬಂಡೆಗೆ ಆತುಕೊಂಡ ಗಾಳಿಮನೆಯಲ್ಲಿ ಅದು ಇರುತ್ತದೆ. ಗಾಳಿಮನೆಗೆ ಏಳು ಕಿಟಕಿ, ಊರಿಗೆ ಏಳು ಓಣಿ, ಒಂದೊಂದು ಕಿಟಕಿಯ ಮುಖ ಒಂದೊಂದು ಓಣಿಗೆ. ಯುಗಾದಿಯಂದು ತೆರೆದ ಕಿಟಕಿಯೊಂದೇ ಮುಂಗಾರಿನ ಕಾರಹುಣ್ಣಿಮೆಯವರೆಗೆ ತೆರೆದಿರಬೇಕು. ಎರಡು ತೆರೆದರೆ ಗಾಳಿ ಮುನಿಸಿಕೊಂಡು ಯಾವ ಕಡೆಗೂ ಬರುವುದಿಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಆ ಹುಚ್ಚಾಟ ಆಡಿ ನೋಡಿ, ಊರಿಗೆ ಊರೇ ಒಂದು ಬೇಸಿಗೆ ಬೆಂದುಹೋಗಿತ್ತಂತೆ. ಹಾಗಾಗಿ ಒಂದು ಓಣಿಗೆ ಗಾಳಿ, ಆರು ಓಣಿಗೆ ಬೀಸಣಿಗೆ. ಇದು ಸರಿಯೋ ತಪ್ಪೋ ಎಂದು ನನ್ನನ್ನು ಕೇಳಬೇಡಿ. ನಾನು ಹುಟ್ಟುವ ಮೊದಲೇ ಇತ್ತು.

ಯಾವ ಓಣಿಗೆ ಎಂದು ತೀರ್ಮಾನಿಸಲು ಸೌಖ್ಯ ಕಚೇರಿ ಇದೆ. ಯಾರ ಬಾಳು ಎಲ್ಲರಿಗಿಂತ ಕಷ್ಟದ್ದೋ ಅವರ ಓಣಿಗೆ ಗಾಳಿ. ನ್ಯಾಯವಾದ ಮಾತೇ. ಆ ಕಷ್ಟವನ್ನು ಅಳೆಯುವ ಕೆಲಸ ನನ್ನದಾಗಿತ್ತು. ನನ್ನ ಹೆಸರು ದಾಕ್ಷಾಯಣಿ, ಹಗ್ಗದ ಓಣಿಯವಳು, ಕಚೇರಿಯ ಗಣತಿದಾರ್ತಿ. ಹತ್ತೊಂಬತ್ತು ವರ್ಷ ಫಾಲ್ಗುಣ ಬಂತೆಂದರೆ ಮೊಳದುದ್ದದ ಸಾಗುವಾನಿ ಏಣಿಯೊಂದನ್ನು ಕಂಕುಳಲ್ಲಿಟ್ಟುಕೊಂಡು ಮನೆ ಮನೆ ತಿರುಗಿದ್ದೇನೆ. ಏಣಿಗೆ ಹತ್ತು ಮೆಟ್ಟಿಲು. ಕೇಳುವ ಪ್ರಶ್ನೆ ಒಂದೇ. "ನೀವು ಬಯಸಬಹುದಾದ ಅತಿ ಒಳ್ಳೆಯ ಬಾಳು ಮೇಲಿನ ಮೆಟ್ಟಿಲು, ಅತಿ ಕೆಟ್ಟದ್ದು ಕೆಳಗಿನದು. ನೀವು ಎಲ್ಲಿದ್ದೀರಿ? ಬೆರಳಿಟ್ಟು ತೋರಿಸಿ." ಅವರು ಬೆರಳಿಡುತ್ತಾರೆ, ನಾನು ಪುಸ್ತಕದಲ್ಲಿ ಬರೆಯುತ್ತೇನೆ. ಓಣಿಯ ಸರಾಸರಿ ತೆಗೆದು ಯುಗಾದಿಯ ಬೆಳಿಗ್ಗೆ ಗಾಳಿಮನೆಯ ಮುಂದೆ ಗಟ್ಟಿಯಾಗಿ ಓದುತ್ತೇನೆ. ಎಲ್ಲಕ್ಕಿಂತ ಕಡಿಮೆ ಬಂದ ಓಣಿಯ ಹೆಸರನ್ನು ನಾನು ಮೂರು ಸಲ ಕೂಗಿದರೆ ಕಿಟಕಿ ಕಾಯುವ ಬಂದೇನವಾಜ್ ಚಾಚಾ ಅಗುಳಿ ತೆಗೆಯುತ್ತಾರೆ. ಅವರಿಗೆ ಓದಲು ಬರದು. ಕಾಗದ ತೋರಿಸಿದರೆ ಕಿಟಕಿ ತೆರೆಯುವುದಿಲ್ಲ, ಗಣತಿದಾರರ ದನಿ ಕೇಳಿದರೆ ಮಾತ್ರ ತೆರೆಯುತ್ತಾರೆ. ಅದೂ ಹಳೆಯ ಪದ್ಧತಿ.

ಏಣಿ ಒಂದೇ ಆದರೂ ಬೆರಳು ಬೇರೆ ಬೇರೆ ಎಂಬುದು ನನ್ನಂಥ ದಡ್ಡಿಗೆ ತಿಳಿಯಲು ಹತ್ತೊಂಬತ್ತು ವರ್ಷ ಹಿಡಿಯಿತು. ಸುಳಿವುಗಳೇನೂ ಕಡಿಮೆ ಇರಲಿಲ್ಲ. ನಮ್ಮ ಹಗ್ಗದ ಓಣಿಯಲ್ಲಿ ಏಣಿ ಚಾಚಿದರೆ ಮೊದಲು ಕೇಳುವುದು, "ಬಾಜೂ ಮನಿಯವರು ಎಷ್ಟ ಅಂದ್ರು?" ಎಂದು. ಹೇಳಬಾರದು ಎಂದರೂ ನನ್ನ ಮುಖ ನೋಡಿಯೇ ಅಂದಾಜು ಮಾಡಿ ಅದಕ್ಕಿಂತ ಒಂದು ಕೆಳಗೆ ಬೆರಳಿಡುತ್ತಾರೆ. ಕುಂಬಾರ ಓಣಿಯ ಗಂಡಸರು ಊಟದ ಮೊದಲು ನಾಲ್ಕು, ಊಟದ ಮೇಲೆ ಏಳು. ನಾನು ನಗುತ್ತಾ ಬರೆದುಕೊಂಡು ಮುಂದೆ ಹೋಗುತ್ತಿದ್ದೆ. ಜನ ಬೆರಳಿಟ್ಟಲ್ಲಿ ಬರೆಯುವುದಷ್ಟೇ ನನ್ನ ಕೆಲಸ, ಉಳಿದದ್ದು ನನಗೇಕೆ ಎಂದುಕೊಂಡಿದ್ದೆ.

ಸರಾಫ ಓಣಿಯದು ಮಾತ್ರ ಯಾವಾಗಲೂ ಮೂರು. ಬೆಳ್ಳಿಬಂಗಾರದ ಅಂಗಡಿಯವರ ಓಣಿ ಅದು. ಹತ್ತೊಂಬತ್ತರಲ್ಲಿ ಹದಿನೇಳು ಬೇಸಿಗೆ ಗಾಳಿ ಅವರ ಕಡೆಗೇ ಬೀಸಿದೆ. ಅಲ್ಲಿಯ ದೊಡ್ಡಮನೆಯ ಅನ್ನಪೂರ್ಣಕ್ಕ ಈ ವರ್ಷವೂ ನನ್ನನ್ನು ಉಯ್ಯಾಲೆಯ ಮೇಲೆ ಕೂರಿಸಿ ಬಾದಾಮಿ ಹಾಲು ಕೊಟ್ಟರು. ಬೇಸಿಗೆಯಲ್ಲಿ ಗಾಳಿ ಹೆಚ್ಚಾಗಿ ಮೈ ನಡುಗುತ್ತದೆಂದು ಹೊದೆಯಲು ಹೊಸ ಶಾಲು ತರಿಸಿಟ್ಟಿದ್ದರು. ಅದನ್ನು ನನಗೆ ಬಿಚ್ಚಿ ತೋರಿಸಿ, ಮಡಿಸಿಟ್ಟು, ಮೂರನೆಯ ಮೆಟ್ಟಿಲಿಗೆ ಬೆರಳಿಟ್ಟರು.

"ಮೂರು ಯಾಕ್ರೀ ಅಕ್ಕಾ? ಏನ ಕಮ್ಮಿ ಐತಿ ನಿಮಗ?" ಎಂದೆ, ಹಾಲಿನ ಲೋಟ ಕೆಳಗಿಡುತ್ತಾ. ಕೇಳಬಾರದಿತ್ತು, ಆದರೆ ನನ್ನ ನಾಲಿಗೆಗೆ ಮೊದಲಿನಿಂದಲೂ ಎಲುಬಿಲ್ಲ.

"ಎಲ್ಲಾ ಐತಿ ಅಂತ ಏಣಿ ಮ್ಯಾಲ ಏರಿ ಕುಂತ್ರ ಜನರ ಕಣ್ಣ ಬಿಟ್ಟಾವೇನ ದಾಕ್ಷವ್ವಾ? ನಮ್ಮ ಅತ್ತಿಯವರು ಹೇಳ್ಕೊಟ್ಟಾರ, ಮೂರರ ಮ್ಯಾಲ ಬೆರಳ ಇಡಬ್ಯಾಡ, ದೃಷ್ಟಿ ತಾಗ್ತೈತಿ. ಮ್ಯಾಲಾಗಿ ನಮ್ಮ ಭಾವನೋರ ಮನಿ ನೋಡಿದ್ಯಲ್ಲಾ, ನಮ್ಮನಿಗಿಂತ ಒಂದ ಅಂತಸ್ತು ಎತ್ತರ ಆತು ಈ ವರ್ಷ. ಸಂಕಟ ಇಲ್ಲೇನು?" ಎಂದರು. ಸುಳ್ಳು ಹೇಳುತ್ತಿರಲಿಲ್ಲ. ಆಕೆಯ ಕಣ್ಣಲ್ಲಿ ನೀರು ನಿಜವಾಗಿಯೂ ಬಂದಿತ್ತು.

ಮರುದಿನ ಬಳೆ ಓಣಿ. ಊರಿನ ತಗ್ಗಿನಲ್ಲಿದೆ, ಎರಡೂ ಕಡೆ ಮೂಸೆಯೆಂಬ ಮಣ್ಣಿನ ಪಾತ್ರೆಗಳಲ್ಲಿ ಗಾಜು ಕರಗಿಸುವ ಭಟ್ಟಿಗಳು. ಬೇಸಿಗೆಯಲ್ಲಿ ಅಲ್ಲಿಗೆ ಕಾಲಿಟ್ಟರೆ ಹೊಗೆ ಮತ್ತು ಝಳ ಮುಖಕ್ಕೆ ರಾಚುತ್ತವೆ. ಆ ಓಣಿಯ ಸರಾಸರಿ ಎಂಟು. ಮುದುಕರೂ ಎಂಟು, ಮಕ್ಕಳೂ ಎಂಟು, ಕೈ ಸುಟ್ಟುಕೊಂಡು ಕೂತವರೂ ಎಂಟು. ಗಾಳಿಯ ಕಿಟಕಿ ಒಮ್ಮೆಯೂ ಅವರ ಕಡೆಗೆ ತೆರೆದಿಲ್ಲ, ಅದರ ಅಗುಳಿ ತುಕ್ಕು ಹಿಡಿದಿದೆ. ನಾನು ಪ್ರತಿ ಯುಗಾದಿಗೂ ಆ ಎಂಟನ್ನು ಓದಿ, "ಬಳೆ ಓಣಿಯವರನ್ನು ನೋಡಿ ಕಲಿಯಿರಿ, ಇದ್ದುದರಲ್ಲಿ ಸುಖಪಡುವುದು ಹೇಗೆಂದು" ಎಂದು ನನ್ನ ಕಡೆಯಿಂದ ಒಂದು ಮಾತು ಸೇರಿಸುತ್ತಿದ್ದೆ. ಜನ ಚಪ್ಪಾಳೆ ತಟ್ಟುತ್ತಿದ್ದರು. ಈಗ ನೆನೆದರೆ ಮೈ ಉರಿಯುತ್ತದೆ.

ಆ ಓಣಿಗೆ ಹಿರಿಯಳು ಗುರುಸಿದ್ದವ್ವ. ನನ್ನ ಮದುವೆಗೆ ಹಸಿರು ಬಳೆ ತೊಡಿಸಿದವಳು, ಕೈ ಹಿಚುಕಿದರೂ ನೋವಾಗದಂತೆ. ಈ ಸಲ ಹೋದಾಗ ಭಟ್ಟಿಯಿಂದ ಹತ್ತು ಹೆಜ್ಜೆ ದೂರ ಗೋಡೆಗೆ ಒರಗಿ ಕೂತಿದ್ದಳು. ಉಬ್ಬಸ. ಒಂದು ಮಾತು ಆಡಬೇಕಾದರೆ ನಡುವೆ ಎರಡು ಸಲ ಉಸಿರೆಳೆದುಕೊಳ್ಳಬೇಕು, ಎಳೆದಾಗಲೆಲ್ಲ ಕುತ್ತಿಗೆಯ ಬುಡದಲ್ಲಿ ಗುಳಿ ಬೀಳುತ್ತಿತ್ತು. ಸೊಸೆ ಪಾರವ್ವ ಪಕ್ಕದಲ್ಲಿ ಕೂತು ಬೀಸುತ್ತಿದ್ದಳು. ನನ್ನನ್ನು ಬಾಗಿಲ ಆಚೆಗೆ ಕರೆದು ಹೇಳಿದಳು, "ಡಾಕ್ಟರು ಕೈ ಚೆಲ್ಲ್ಯಾರ ಅಕ್ಕಾ. ಗಾಳಿ ಇರೋ ಕಡೆ ಇಟ್ರ ಬದುಕ್ತಾಳ, ಇಲ್ಲಂದ್ರ ಈ ಬ್ಯಾಸಿಗಿ ದಾಟೂದು ಕಷ್ಟ ಅಂದಾರ. ಗಾಳಿ ಇರೋ ಕಡೆ ಎಲ್ಲಿಂದ ತರೂಣು?"

ಒಳಗೆ ಬಂದು ಏಣಿ ಚಾಚಿದೆ. ಗುರುಸಿದ್ದವ್ವ ಬೆರಳನ್ನು ಎತ್ತಿ, ಎಣಿಸಿ, ಎಂಟನೆಯ ಮೆಟ್ಟಿಲ ಮೇಲೆ ಇಟ್ಟಳು.

ನನಗೆ ಸಿಟ್ಟು ನೆತ್ತಿಗೇರಿತು. ಬಾದಾಮಿ ಹಾಲಿನ ರುಚಿ ಇನ್ನೂ ನಾಲಿಗೆಯ ಮೇಲಿತ್ತು. "ಯವ್ವಾ, ಸರಿಯಾಗಿ ನೋಡಿ ಇಡು. ಉಸಿರ ಹಿಡೀವಲ್ದು, ಎಂಟ ಅಂತೀಯಲ್ಲಾ?" ಎಂದೆ.

"ಎರಡ ಹೊತ್ತ ಉಣ್ತೀನಿ. ಮಗ ಅದಾನ. ಸೊಸಿ ಬೀಸ್ತಾಳ. ಎಂಟs ಬರಿ," ಎಂದು ಉಸಿರೆಳೆದುಕೊಳ್ಳುತ್ತಾ ಹೇಳಿ ಬೆರಳು ತೆಗೆಯಲಿಲ್ಲ.

ಆಗ ನನಗೆ ಏನು ಹೊಳೆಯಿತೋ, ಪುಸ್ತಕ ಮುಚ್ಚಿ ಅವಳೆದುರು ಚಕ್ಕಳಮಕ್ಕಳ ಹಾಕಿ ಕೂತೆ. "ಆತು ಬಿಡು. ಇನ್ನೊಂದ ಕೇಳ್ತೀನಿ. ಬ್ಯಾರೆ ಊರಾಗ ನಿಂಬೆವ್ವ ಅಂತ ಒಬ್ಬಾಕಿ ಅದಾಳ. ಅರವತ್ತು ದಾಟೈತಿ. ಹರೇದಾಗಿಂದ ಬೆಂಕಿ ಮುಂದ ಕುಂತ ದುಡದಾಳ. ಈಗ ಎದಿ ಕಟ್ಟೈತಿ, ರಾತ್ರಿ ಮಲಗಾಕ ಆಗೂದಿಲ್ಲ, ಕುಂತs ಬೆಳಕ ಹರಸ್ತಾಳ. ಮನ್ಯಾಗ ಮಂದಿ ಚಲೋ ಅದಾರ, ಊಟ ಐತಿ. ಆದ್ರ ಉಸಿರ ಸಿಗೂದಿಲ್ಲ. ಆಕಿ ಈ ಏಣಿ ಮ್ಯಾಲ ಎಲ್ಲಿ ಅದಾಳ ಹೇಳು ನೋಡೂಣು."

ಗುರುಸಿದ್ದವ್ವ ಬಹಳ ಹೊತ್ತು ಏಣಿಯನ್ನೇ ನೋಡಿದಳು. ಆಮೇಲೆ ಬೆರಳು ಎಂಟರಿಂದ ಜಾರುತ್ತಾ ಕೆಳಗಿಳಿದು ಎರಡರ ಮೇಲೆ ನಿಂತಿತು. "ಪಾಪ," ಎಂದಳು. "ಉಸಿರs ಇಲ್ಲಂದ ಮ್ಯಾಲ... ಊಟ ತಗೊಂಡ... ಏನ ಮಾಡ್ತಾಳ ಆಕಿ?"

ಓಣಿಯ ಉಳಿದ ಮನೆಗಳಲ್ಲೂ ನಿಂಬೆವ್ವನ ಕಥೆ ಹೇಳಿದೆ. ತಮ್ಮ ಬಾಳಿಗೆ ಎಂಟು ಎಂದವರೆಲ್ಲ ನಿಂಬೆವ್ವನಿಗೆ ಎರಡು, ಹೆಚ್ಚೆಂದರೆ ಮೂರು ಎಂದರು. ಪುಸ್ತಕದ ಅಂಚಿನಲ್ಲಿ ಅವಳಿಗೊಂದು ಹೊಸ ಗೆರೆ ಎಳೆದು ಆ ಅಂಕಿಗಳನ್ನೂ ಬರೆದುಕೊಂಡೆ. ಆಮೇಲೆ ತಡೆಯಲಾಗದೆ, ಬಂದ ದಾರಿಯಲ್ಲೇ ಹಿಂದಿರುಗಿ ಸರಾಫ ಓಣಿಯ ಒಂದೊಂದು ಮನೆಯ ಬಾಗಿಲನ್ನೂ ಮತ್ತೆ ತಟ್ಟಿದೆ. ಅದೇ ನಿಂಬೆವ್ವ, ಅದೇ ಮಾತು, ಒಂದಕ್ಷರ ಹೆಚ್ಚುಕಡಿಮೆ ಇಲ್ಲ. ಅನ್ನಪೂರ್ಣಕ್ಕ ಉಯ್ಯಾಲೆ ನಿಲ್ಲಿಸಿ ಕೇಳಿಸಿಕೊಂಡು, ಆರನೆಯ ಮೆಟ್ಟಿಲಿಗೆ ಬೆರಳಿಟ್ಟರು.

"ಆರು?" ಎಂದೆ.

"ಹೂಂ ಮತ್ತ. ಅಂಥವರಿಗೆ ರೂಢಿ ಆಗಿರ್ತೈತಿ ದಾಕ್ಷವ್ವಾ. ನಮ್ಮಂಗ ನೂರಾ ಎಂಟ ಚಿಂತಿ ಇರೂದಿಲ್ಲ ಅವರಿಗೆ."

ಓಣಿಯ ಸರಾಸರಿ ತೆಗೆದಾಗ ನಿಂಬೆವ್ವನಿಗೆ ಆರು, ತಮಗೆ ಮೂರು. ಉಸಿರಿಲ್ಲದ ಹೆಂಗಸು ಉಯ್ಯಾಲೆಯ ಹೆಂಗಸಿಗಿಂತ ಮೂರು ಮೆಟ್ಟಿಲು ಮೇಲೆ! ಬಾಗಿಲ ಹೊರಗೆ ಬಂದು ಏಣಿಯನ್ನು ಬಂಡೆಗೆ ಅಪ್ಪಳಿಸಿಬಿಡಬೇಕು ಅನ್ನಿಸಿತು. ಅಪ್ಪಳಿಸಲಿಲ್ಲ, ಕಚೇರಿಯ ಸ್ವತ್ತು. ಅದನ್ನು ಕಂಕುಳಲ್ಲಿ ಒತ್ತಿಕೊಂಡು ನೇರ ಕಚೇರಿಗೆ ನಡೆದೆ.

ಸೌಖ್ಯಾಧಿಕಾರಿ ಪಂಪಾಪತಿಯವರು ನನಗಿಂತ ಎಂಟು ವರ್ಷ ಚಿಕ್ಕವರು, ಕೆಟ್ಟವರಲ್ಲ, ಪೆನ್ನನ್ನು ಮುಚ್ಚಳ ಹಾಕದೆ ಮೇಜಿನ ಮೇಲೆ ಇಡದಂಥ ಮನುಷ್ಯ. ಎರಡೂ ಓಣಿಗಳ ಲೆಕ್ಕವನ್ನು ಅವರ ಮುಂದೆ ಹರಡಿ, ನಿಂಬೆವ್ವನನ್ನು ತೋರಿಸಿ, "ಇವರ ಎಂಟು ಅವರ ಮೂರಕ್ಕಿಂತ ಕೆಳಗೈತಿ ಸರ್. ಏಣಿ ಒಂದs, ಮೆಟ್ಟಿಲ ಬ್ಯಾರೆ. ಇದನ್ನ ನೋಡಿ ಲೆಕ್ಕ ತಿದ್ದಬೇಕು," ಎಂದೆ.

ಅವರು ಹಾಳೆಯನ್ನು ಎರಡು ಸಲ ಓದಿದರು. ಓದಿದ್ದು ಅರ್ಥವಾಯಿತು ಎಂಬುದು ಅವರ ಮುಖದಲ್ಲಿ ಕಾಣುತ್ತಿತ್ತು. "ಇಲ್ಲದ ಹೆಂಗಸನ್ನ ಗಣತಿಗೆ ಹಿಡಿಯೋಕೆ ಬರೋದಿಲ್ಲ ದಾಕ್ಷಾಯಣಿಯವರೇ," ಎಂದರು. "ಅದೂ ಹೋಗಲಿ. ಅವರು ಎಂಟು ಅಂದದ್ದನ್ನ ನೀವು ಎರಡು ಮಾಡ್ತೀರಿ. ನಾಳೆ ನಿಮ್ಮ ಜಾಗಕ್ಕೆ ಬಂದವರು ಯಾರದೋ ಎರಡನ್ನ ಎಂಟು ಮಾಡ್ತಾರೆ. ಆಗ ಏನ್ ಮಾಡೋಣ? ಅವರವರ ಬಾಳಿನ ಬಗ್ಗೆ ಅವರವರ ಮಾತನ್ನೇ ನಂಬಬೇಕು. ಈ ಕಚೇರಿ ನಿಂತಿರೋದೇ ಅದರ ಮೇಲೆ."

ಆ ಮಾತು ತಪ್ಪೆಂದು ನನಗೆ ಅನ್ನಿಸಲಿಲ್ಲ. ಈಗಲೂ ಅನ್ನಿಸುವುದಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

"ಓದೋ ತನಕ ಪುಸ್ತಕ ತೆರೆದೇ ಇರುತ್ತೆ," ಎಂದು ಅವರೇ ಸೇರಿಸಿದರು, ಸಮಾಧಾನಕ್ಕೋ ಏನೋ. "ಯಾರು ಬೇಕಾದರೂ ಬಂದು ಬೆರಳು ಬದಲಿಸಬಹುದು. ನಿಯಮದಲ್ಲೇ ಇದೆ. ಅವರಿಗೆ ಕಷ್ಟ ಇದ್ದರೆ ಅವರೇ ಬಾಯಿಬಿಟ್ಟು ಹೇಳಲಿ."

ನಾಳೆ ಯುಗಾದಿ. ಅಮಾವಾಸ್ಯೆಯ ಮಧ್ಯಾಹ್ನದ ಸುಡು ಬಿಸಿಲಿನಲ್ಲಿ ಬಳೆ ಓಣಿಗೆ ಇಳಿದು, ಗುರುಸಿದ್ದವ್ವನ ಅಂಗಳದಲ್ಲಿ ನಿಂತು, ಓಣಿಯವರನ್ನೆಲ್ಲ ಕೂಗಿ ಕರೆದೆ. ಮೈಮೇಲೆ ದೇವರು ಬಂದವಳ ಹಾಗೆ ಬೈದೆ. ಗಾಳಿ ಬೇಡವೇ ನಿಮಗೆ? ಈ ಮುದುಕಿ ಕಣ್ಣೆದುರು ಸಾಯುವುದನ್ನು ನೋಡುತ್ತಾ ಎಂಟು ಎಂಟು ಎಂದು ಜಪ ಮಾಡುತ್ತೀರಾ? ಯಾರಿಗೆ ತೋರಿಸಲು ಈ ದೊಡ್ಡಸ್ತಿಕೆ?

ಗುರುಸಿದ್ದವ್ವನ ಮಗ ಈರಪ್ಪ, ಐವತ್ತರ ಹತ್ತಿರದ ಆಳು, ತಲೆ ತಗ್ಗಿಸಿ ನಿಂತಿದ್ದ. "ದೊಡ್ಡಸ್ತಿಕಿ ಅಲ್ಲಕ್ಕಾ," ಎಂದ. "ಭಟ್ಟಿ ಹೊತ್ತಿರೋ ತನಕ ಕೊರಗಬಾರದು. ಕೊರಗಿದ್ರ ಬಳಿ ಸೀಳ್ತಾವು. ನಮ್ಮ ಅಜ್ಜನ ಕಾಲದಿಂದ ಎಂಟಕ್ಕಿಂತ ಕೆಳಗ ಯಾರೂ ಅಂದಿಲ್ಲ. ಬ್ಯಾರೆಯವರ ದುಃಖ ಆಡಬೌದು, ನಮ್ಮದು ಆಡಬಾರದು."

ಹತ್ತೊಂಬತ್ತು ವರ್ಷ ಈ ಅಂಗಳಕ್ಕೆ ಬಂದಿದ್ದೇನೆ, ನೀರು ಕುಡಿದಿದ್ದೇನೆ, ಬಳೆ ತೊಟ್ಟಿದ್ದೇನೆ. ಎಂಟೇ ಯಾಕೆ ಎಂದು ಒಂದು ದಿನವೂ ಕೇಳಿರಲಿಲ್ಲ. ಬೇರೆ ಓಣಿಯವರಿಗೆ ಇವರನ್ನು ನೋಡಿ ಕಲಿಯಿರಿ ಎಂದು ಉಪದೇಶ ಬೇರೆ ಮಾಡಿದ್ದೆ. ನಾಚಿಕೆಯಿಂದ ನನ್ನ ದನಿ ಇಳಿಯಿತು.

"ಹಂಗಾರ ಓಣಿ ಬಿಟ್ಟ ಹೊರಗ ಬಂದ ಹೇಳ್ರಿ," ಎಂದೆ. "ಗಾಳಿಮನಿ ಮುಂದ ಯಾವ ಭಟ್ಟಿ ಐತಿ?"

"ಎಲ್ಲಿ ನಿಂತ ಆಡಿದ್ರೂ ಭಟ್ಟಿಗೆ ಕೇಳಸ್ತೈತಿ ಅಕ್ಕಾ. ಹೊತ್ತಿರೋ ತನಕ," ಎಂದಳು ಪಾರವ್ವ.

ಗೋಡೆಗೆ ಒರಗಿ ಕೂತಿದ್ದ ಗುರುಸಿದ್ದವ್ವ ಕೈ ಊರಿ ಎದ್ದಳು. ಪಾರವ್ವ ಹಿಡಿಯಲು ಹೋದರೆ ಕೈ ಕೊಡವಿದಳು. ಹತ್ತು ಹೆಜ್ಜೆ ನಡೆಯಲು ನಾಲ್ಕು ಸಲ ನಿಂತು, ಭಟ್ಟಿಯ ಬಾಯಿಗೆ ಹೋಗಿ, ಉರಿಯುವ ಕೊರಡೊಂದನ್ನು ಇಕ್ಕಳದಿಂದ ಎಳೆದು ಮಣ್ಣಿಗೆ ಹಾಕಿದಳು.

"ಅವ್ವಾ!" ಎಂದು ಈರಪ್ಪ ಓಡಿದ. "ಅರವತ್ತ ವರ್ಷದ ಬೆಂಕಿ! ಆರಿದ್ರ ಮೂಸ್ಯಾಗಿನ ಗಾಜು ಕಲ್ಲಾಗ್ತೈತಿ, ಮೂಸಿ ಒಡೀತಾವು. ಮದುವಿ ಸುಗ್ಗಿ ಬಂತು. ಮತ್ತ ಹೊತ್ತಸಾಕ ತಿಂಗಳ ಬೇಕು."

"ಬೆಂಕಿ ಯಾರದೋ?" ಎಂದಳು ಮುದುಕಿ. ಉಸಿರೆಳೆದುಕೊಂಡಳು. "ನಮ್ಮ ಮಾವ ಹೊತ್ತಿಸಿದ್ದು. ನಾವs ಹೊತ್ತಿಸಿದ್ದು, ನಾವs ಆರಸ್ತೀವಿ. ಬೆಂಕಿ ನಮ್ಮ ಆಳು. ನಾವೇನ ಅದರ ಆಳಲ್ಲ." ಎರಡನೆಯ ಕೊರಡಿಗೆ ಇಕ್ಕಳ ಹಾಕಿದಳು. ಆಗದೆ ಕೆಮ್ಮು ಬಂದು ಬಾಗಿದಳು. ಈರಪ್ಪ ಒಂದು ಗಳಿಗೆ ನಿಂತು ನೋಡಿದ. ಆಮೇಲೆ ಅವಳ ಕೈಯಿಂದ ಇಕ್ಕಳ ತೆಗೆದುಕೊಂಡು ಉಳಿದ ಕೊರಡುಗಳನ್ನು ತಾನೇ ಎಳೆದ.

ನನ್ನ ಕಡೆ ತಿರುಗಿ ಗುರುಸಿದ್ದವ್ವ ಹೇಳಿದಳು, "ಆ ನಿಂಬೆವ್ವ ನಾನs ಅಂತ ಗೊತ್ತಿಲ್ಲ ಅಂತ ತಿಳದೀಯೇನ? ಎದಿ ಕಟ್ಟೈತಿ. ತಲಿ ಕಟ್ಟಿಲ್ಲ."

ಸಂಜೆಯೊಳಗೆ ಓಣಿಯ ಹದಿನೇಳು ಭಟ್ಟಿಗಳ ಬಾಯಿಯನ್ನೂ ಮಣ್ಣು ಮೆತ್ತಿ ಮುಚ್ಚಿದರು. ಮೂಸೆಗಳು ಒಂದೊಂದಾಗಿ ಒಡೆಯುವ ಸದ್ದು ನಮ್ಮ ಹಗ್ಗದ ಓಣಿಯವರೆಗೆ ಕೇಳಿಸಿತು. ಇದು ನಾನು ಹಚ್ಚಿದ ಜಗಳ. ಗಾಳಿ ಬರದೆ ಹೋದರೆ ಅವರಿಗೆ ಉಸಿರೂ ಇಲ್ಲ, ಅನ್ನವೂ ಇಲ್ಲ.

ಬೆಳಿಗ್ಗೆ ಗಾಳಿಮನೆಯ ಮುಂದೆ ಏಳೂ ಓಣಿಯವರು ಹೊಸ ಬಟ್ಟೆಯಲ್ಲಿ ಸೇರಿದ್ದರು. ಬಳೆ ಓಣಿಯವರು ಕೊನೆಗೆ ಬಂದರು, ನೂರಾ ಹನ್ನೆರಡು ಜನ. ಗುರುಸಿದ್ದವ್ವನನ್ನು ಹಗ್ಗದ ಹೊರಸಿನ ಮೇಲೆ ಹೊತ್ತು ತಂದರು. ನಾನು ಕಟ್ಟೆ ಹತ್ತಿ, ಸರಾಸರಿಯ ಹಾಳೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಪುಸ್ತಕ ತೆರೆದೆ. "ಬೆರಳ ಬದಲಿಸೋರು ಬರ್ರಿ," ಎಂದು ಕೂಗಿದೆ.

ಮೊದಲ ಬೆರಳು ಗುರುಸಿದ್ದವ್ವನದು. ಎರಡು. ಪಾರವ್ವ ಮೂರು. ಈರಪ್ಪ ಒಂದಕ್ಕೆ ಬೆರಳಿಟ್ಟು ಮುಖ ತಿರುಗಿಸಿ ನಿಂತ. ಒಬ್ಬೊಬ್ಬರೇ ಬಂದರು. ಜೀವನದಲ್ಲಿ ಮೊದಲ ಸಲ ಸಂಕಟವನ್ನು ಬೆರಳಿಗೆ ತಂದವರು ಅವರು. ಕೆಲವರು ಬೆರಳಿಟ್ಟು ಅತ್ತರು. ಇಬ್ಬರು ಹೆಂಗಸರು ನಕ್ಕರು, ಹೊತ್ತ ಕೊಡ ಇಳಿಸಿದವರ ಹಾಗೆ. ಹೋದ ತಿಂಗಳು ಮದುವೆಯಾಗಿ ಬಂದ ಸೊಸೆಯೊಬ್ಬಳು ಮಾತ್ರ ಒಂಬತ್ತಕ್ಕೆ ಬೆರಳಿಟ್ಟಳು.

"ಭಟ್ಟಿ ಆರೈತಿ ತಂಗೀ, ಖರೇ ಹೇಳು," ಎಂದೆ.

"ಖರೇನs ಹೇಳಾಕತ್ತೀನ್ರಿ," ಎಂದು ನಾಚಿಕೊಂಡಳು. ಹಿಂದಿದ್ದವರು ಹಲ್ಲು ಕಡಿದರು, ಆದರೆ ಯಾರೂ ಅವಳ ಬೆರಳನ್ನು ಸರಿಸಲಿಲ್ಲ. ನಾನು ಒಂಬತ್ತು ಬರೆದೆ.

ಕಟ್ಟೆಯ ಮೇಲೆಯೇ ಕೂತು ಎರಡೆರಡು ಸಲ ಕೂಡಿಸಿ ಭಾಗಿಸಿದೆ. ಆ ಒಂಬತ್ತನ್ನೂ ಸೇರಿಸಿ, ಮಕ್ಕಳ ಆರು ಏಳುಗಳನ್ನೂ ಸೇರಿಸಿ, ಎರಡೂಮುಕ್ಕಾಲು ಬಂತು. ಸರಾಫ ಓಣಿಯದು ಮೂರು. ಎರಡನ್ನೂ ಗಟ್ಟಿಯಾಗಿ ಓದಿದೆ.

ಸರಾಫ ಓಣಿಯಿಂದ ಗದ್ದಲ ಎದ್ದಿತು. ಅನ್ನಪೂರ್ಣಕ್ಕನ ಭಾವ, ಆ ಎತ್ತರದ ಮನೆಯವರು, ಕೋಲು ಎತ್ತಿ ಕೂಗಿದರು. "ನಿನ್ನೆ ಎಂಟು, ಇವತ್ತ ಎರಡೂಮುಕ್ಕಾಲ! ಒಂದ ದಿನದಾಗ ಇವರಿಗೆ ಯಾವ ಬರಸಿಡ್ಲ ಬಡೀತು? ಇದು ಕಳ್ಳ ಲೆಕ್ಕ!"

"ಲೆಕ್ಕ ಬೇಕೇನ್ರಿ? ತಗೋರಿ," ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ನಿಂಬೆವ್ವ ಯಾರು, ಅವಳ ಎದೆ ಹೇಗೆ ಕಟ್ಟಿದೆ, ರಾತ್ರಿ ಹೇಗೆ ಕೂತೇ ಬೆಳಕು ಹರಿಸುತ್ತಾಳೆ ಎಂದು ಅವರಿಗೆ ಮನೆ ಮನೆಯಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದೆ. "ಈ ನಿಂಬೆವ್ವಗ ಸರಾಫ ಓಣಿಯವರು ಕೊಟ್ಟ ಮೆಟ್ಟಿಲು ಆರು. ತಮಗ ತಾವು ಕೊಟ್ಟುಕೊಂಡಿದ್ದು ಮೂರು. ನಿಮ್ಮ ಬೆರಳs ಇಟ್ಟಿದ್ದು, ನಾ ಬರದದ್ದಷ್ಟs. ಉಸಿರ ಇಲ್ದಾಕಿ ನಿಮಗಿಂತ ಸುಖವಾಗಿ ಅದಾಳ ಅಂತ ಹೇಳೀರಿ. ಬರ್ರಿ, ಆಕಿ ಇಲ್ಲೇ ಅದಾಳ. ಯಾರಿಗೆ ಆಕಿ ಮೆಟ್ಟಿಲ ಬೇಕು? ಯಾರ ಅದಲಿಬದಲಿ ಮಾಡ್ಕೊಂತೀರಿ?"

ಗುರುಸಿದ್ದವ್ವ ಹೊರಸಿನ ಮೇಲೆ ಎದ್ದು ಕೂತಳು. ಮಾತಾಡಲು ಉಸಿರಿರಲಿಲ್ಲ. ಅವಳ ಎದೆಯ ಸಿಳ್ಳೆ ಮಾತ್ರ ಎಲ್ಲರಿಗೂ ಕೇಳಿಸುತ್ತಿತ್ತು. ಅನ್ನಪೂರ್ಣಕ್ಕ ಹೊಸ ಶಾಲನ್ನು ಹೆಗಲಿಂದ ತೆಗೆದು ಮಡಿಲಲ್ಲಿ ಮುದ್ದೆ ಮಾಡಿಕೊಂಡು ನೆಲ ನೋಡುತ್ತಾ ಕೂತರು.

ಪಂಪಾಪತಿಯವರು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಗಣತಿಯ ಗುಟ್ಟನ್ನ ಹೀಗೆ ಬಯಲಿನಲ್ಲಿ ಓದೋ ಹಾಗಿಲ್ಲ. ಜಗಳ ಆಗುತ್ತೆ. ಈ ವರ್ಷಕ್ಕೆ ಹಳೇ ಹಾಳೆಯನ್ನೇ ಓದಿ, ಮುಂದಿನ ವರ್ಷ ನೋಡೋಣ," ಎಂದರು.

"ಮುಂದಿನ ವರ್ಷ ಆಕಿ ಇರೂದಿಲ್ಲ ಸರ್. ಅವರೇ ಬಾಯಿಬಿಟ್ಟು ಹೇಳಲಿ ಅಂದ್ರಿ. ಹೇಳ್ಯಾರ. ಬಾಯಿ ಬಿಡಾಕ ಭಟ್ಟಿ ಆರಿಸಿ ಬಂದಾರ."

ಅವರು ಬೆವರು ಒರೆಸಿಕೊಂಡರು. ಸರಾಫ ಓಣಿಯ ಕಡೆ ನೋಡಿದರು. "ಹಾಗಾದರೆ ನಾಳೆಯಿಂದ ನೀವು ಕಚೇರಿಗೆ ಬರೋದು ಬೇಡ," ಎಂದರು.

"ನಾಳೆಯಿಂದ ಅಲ್ರೀ? ಆತು. ಇವತ್ತ ಓದ್ತೀನಿ," ಎಂದೆ.

ಗಾಳಿಮನೆಯ ಕಡೆ ತಿರುಗಿ, ಹತ್ತೊಂಬತ್ತು ವರ್ಷದ ದನಿಯನ್ನೆಲ್ಲ ಒಟ್ಟುಮಾಡಿ ಕೂಗಿದೆ. ಬಳೆ ಓಣಿ. ಬಳೆ ಓಣಿ. ಮೂರನೆಯ ಸಲ ಗಂಟಲು ಹರಿದು ಹೋಯಿತು. ಬಳೆ ಓಣಿ.

ಬಂದೇನವಾಜ್ ಚಾಚಾ ಮೇಲಿಂದ ಬಗ್ಗಿ ನೋಡಿದರು. ಪಂಪಾಪತಿಯವರು ಕಾಗದ ಎತ್ತಿ ಬೇಡ ಬೇಡ ಎಂದು ಅಲ್ಲಾಡಿಸಿದರು. ಕಾಗದವೆಂದರೆ ಚಾಚಾಗೆ ಬರೀ ಬಿಳುಪು. "ಬಳಿ ಓಣಿ ಅಂತ ಕೇಳ್ಸ್ತು ಬೇಟಿ," ಎಂದು ಕೂಗಿ ಒಳಗೆ ಹೋದರು. ತುಕ್ಕು ಹಿಡಿದ ಅಗುಳಿಗೆ ಸುತ್ತಿಗೆಯಿಂದ ಬಡಿಯುವುದು ಕೇಳಿಸಿತು. ಒಂದು, ಎರಡು, ಏಳು, ಎಂಟು ಏಟು. ಕಿಟಕಿ ಕಿರುಗುಟ್ಟುತ್ತಾ ತೆರೆಯಿತು.

ನಾವು ಹೊರಸು ಹೊತ್ತು ಇಳಿಜಾರಿನಲ್ಲಿ ಓಡುವಷ್ಟರಲ್ಲಿ ಗಾಳಿ ನಮ್ಮನ್ನು ಹಿಂದೆ ಹಾಕಿ ಓಣಿಗೆ ನುಗ್ಗಿತ್ತು. ಹೋಗಿ ನೋಡಿದರೆ ಓಣಿಯ ತುಂಬ ಬೂದಿ ಹಾರುತ್ತಿತ್ತು. ಅರವತ್ತು ವರ್ಷದ ಬೂದಿ ಸೂರಿನ ಸಂದಿಗಳಿಂದ ಎದ್ದು ಎಲ್ಲರ ಹೊಸ ಬಟ್ಟೆಯ ಮೇಲೆ ಕೂತು, ಮತ್ತೆ ಎದ್ದು, ಊರಾಚೆ ಹೋಯಿತು. ಬೂದಿ ಅಡಗುವವರೆಗೆ ಪಾರವ್ವ ಅತ್ತೆಯ ಮುಖಕ್ಕೆ ಸೆರಗು ಹಿಡಿದು ನಿಂತಿದ್ದಳು. ಆಮೇಲೆ ಸೆರಗು ಸರಿಸಿದಳು.

ಆ ಬೇಸಿಗೆಯ ಕಷ್ಟವನ್ನು ಮುಚ್ಚಿಟ್ಟು ಹೇಳುವುದಿಲ್ಲ. ಭಟ್ಟಿ ಹೊತ್ತಿಸಲು ಓಣಿಯವರಿಗೆ ಒಂದೂವರೆ ತಿಂಗಳು ಹಿಡಿಯಿತು. ಮದುವೆಯ ಸುಗ್ಗಿಯಲ್ಲಿ ಊರಿಗೆ ಹಸಿರು ಬಳೆ ಇರಲಿಲ್ಲ. ಸರಾಫ ಓಣಿಯ ಮದುಮಗಳೂ ಹಳೆಯ ಬಳೆ ತೊಟ್ಟೇ ಧಾರೆಗೆ ನಿಂತಳು. ನನ್ನ ಕೆಲಸ ಹೋಯಿತು. ಏಣಿಯನ್ನು ವಾಪಸು ಕೇಳಲು ಕಚೇರಿಯಿಂದ ಮೂರು ಸಲ ಆಳು ಬಂದ, ಮೂರು ಸಲವೂ ಕೊಡಲಿಲ್ಲ. ನಿಂಬೆವ್ವನನ್ನು ಗಣತಿಗೆ ಸೇರಿಸುವ ದಿನ ಬಂದು ಒಯ್ಯಿರಿ ಎಂದು ಹೇಳಿ ಕಳಿಸಿದೆ.

ಯುಗಾದಿ ಕಳೆದು ಹದಿನೈದು ದಿನಕ್ಕೆ ಆ ಏಣಿ ಹಿಡಿದು ಗುರುಸಿದ್ದವ್ವನ ಮನೆಗೆ ಹೋದೆ. ಭಟ್ಟಿ ಇನ್ನೂ ತಣ್ಣಗಿತ್ತು. ಅವಳು ಬಾಗಿಲಲ್ಲಿ, ಗಾಳಿಗೆ ಎದುರಾಗಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಹಿಂದಿನ ರಾತ್ರಿ ಅಂಗಾತ ಮಲಗಿ ನಿದ್ದೆ ಮಾಡಿದ್ದಳಂತೆ. ನನ್ನ ಕೈಯಲ್ಲಿ ಏಣಿ ನೋಡಿ, "ಕೆಲಸ ಹೋತಂತಲ್ಲ, ಇನ್ನೂ ಬಿಡವಲ್ಲಿ ಇದನ್ನ?" ಎಂದು ನಕ್ಕಳು. ಒಂದೇ ಉಸಿರಿನಲ್ಲಿ ಅಷ್ಟೂ ಮಾತು.

"ಈಗ ಎಷ್ಟ ಯವ್ವಾ?" ಎಂದು ಚಾಚಿದೆ. ಹತ್ತು ಎನ್ನುತ್ತಾಳೆಂದು ಒಳಗೊಳಗೇ ಆಸೆಪಟ್ಟಿದ್ದೆ, ಸುಳ್ಳೇಕೆ ಹೇಳಲಿ.

ಅವಳು ಮೆಟ್ಟಿಲುಗಳನ್ನು ಕೆಳಗಿನಿಂದ ಎಣಿಸಿದಳು. ಐದರ ಮೇಲೆ ಬೆರಳಿಟ್ಟು, ಸ್ವಲ್ಪ ಯೋಚಿಸಿ, ಅಲ್ಲೇ ಉಳಿಸಿದಳು.

"ಮೂಸಿ ಒಡದ ಹ್ವಾದ್ವು, ಮಗ ಸೊರಗ್ಯಾನ. ಆದ್ರ ಉಸಿರ ಐತಿ," ಎಂದಳು. "ಐದು. ಭಟ್ಟಿ ಹೊತ್ತೂದ್ರಾಗ ಲಗೂನ ಬರಕೋ."

ನನ್ನ ಹತ್ತಿರ ಪುಸ್ತಕವಿರಲಿಲ್ಲ. ಅವಳ ಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ದೊಡ್ಡದಾಗಿ ಬರೆದೆ, ಐದು.